ಖಾನಾಪುರ ಕಡೆಯ ಹುಲ್ಲುಗಾವಲಲ್ಲಿ ಅಪರೂಪದ ಬಿಳಿ ಆರ್ಕಿಡ್ ಗುರುತಿಸುವುದು ಹೀಗೆ

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿಗೆ ಹೋಗುವವರು ಹೆಚ್ಚಾಗಿ ಜಲಪಾತ ನೋಡಲು ಹೋಗುತ್ತಾರೆ. ಗಣಪತಿ ಹಬ್ಬದ ಆಸುಪಾಸಿನಲ್ಲಿ ಹೋದರೆ ದಾರಿ ಬದಿಯ ಹುಲ್ಲನ್ನೂ ಸ್ವಲ್ಪ ನೋಡಿ. ಆರ್ಕಿಡ್ ಅಂದರೆ ಮರದ ಮೇಲೆ ಜೋತಾಡುವ ಸೀತಾಳೆ ದಂಡೆ ಒಂದೇ ಅಲ್ಲ. ನೆಲದೊಳಗೆ ಗಡ್ಡೆ ಇಟ್ಟುಕೊಂಡು, ಮಳೆ ಬಿದ್ದ ಮೇಲೆ ಎದ್ದು ಹೂ ಬಿಟ್ಟು, ಬೇಸಿಗೆ ಹೊತ್ತಿಗೆ ಗುರುತೇ ಸಿಗದಂತೆ ಒಣಗಿಹೋಗುವ ಆರ್ಕಿಡ್‌ಗಳೂ ಇವೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಚೆಂದ ಕಾಣುವುದು ಪೆಕ್ಟೈಲಿಸ್ ಜೈಗಾಂಟಿಯಾ. ಹಳೆಯ ಸಸ್ಯ ಪುಸ್ತಕಗಳಲ್ಲಿ ಇದು ಹೆಬನೇರಿಯಾ ಸುಸಾನೆ ಎಂಬ ಹೆಸರಲ್ಲಿ ಸಿಗುತ್ತದೆ.

ಮೊದಲು ಅದು ಆರ್ಕಿಡ್ ಹೌದೋ ಅಲ್ಲವೋ ನೋಡಿ. ಆರು ದಳ ಒಂದೇ ಥರ ಇದ್ದು, ನಡುವೆ ಆರು ಕೇಸರ ಬಿಡಿಬಿಡಿಯಾಗಿ ಕಂಡರೆ ಅದು ಮುಸಲಿ ಜಾತಿಯ ಗಿಡ ಇರಬಹುದು. ಆರ್ಕಿಡ್ ಹೂವಲ್ಲಿ ಒಂದು ದಳ ಮಾತ್ರ ಬೇರೆ ಆಕಾರದಲ್ಲಿ ಮುಂದಕ್ಕೆ ಚಾಚಿರುತ್ತದೆ. ಅದನ್ನೇ ತುಟಿ ಅನ್ನುತ್ತಾರೆ. ಕೇಸರಗಳು ಬಿಡಿಯಾಗಿ ಕಾಣುವುದಿಲ್ಲ.

ಈಗ ಆ ತುಟಿಯನ್ನೇ ನೋಡಿ, ಗುಟ್ಟೆಲ್ಲ ಅಲ್ಲೇ ಇದೆ. ಅದು ಮೂರು ಭಾಗ ಆಗಿರುತ್ತದೆ. ನಡುವಿನದು ಸಪೂರ, ಎರಡೂ ಬದಿಯವು ಅಗಲ, ಅವುಗಳ ಹೊರ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿರುತ್ತದೆ. ಹೂವಿನ ಹಿಂದೆ ಸುಮಾರು 10 ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಉದ್ದದ ಕೊಳವೆ ಇಳಿಬಿದ್ದಿರುತ್ತದೆ. ಮಕರಂದ ಅದರ ತುದಿಯಲ್ಲಿ, ಹಾಗಾಗಿ ಅದು ಉದ್ದ ನಾಲಿಗೆಯ ಪತಂಗಗಳಿಗೇ ಎಟಕುತ್ತದೆ. ಸಂಜೆ ಆದ ಮೇಲೆ ಹೂ ಘಮ್ ಅನ್ನುವುದೂ ಇದಕ್ಕೇ.

ಬರೀ ಕೊಳವೆ ನೋಡಿ ತೀರ್ಮಾನ ಮಾಡಬೇಡಿ. ಹೆಬನೇರಿಯಾ ಲಾಂಗಿಕಾರ್ನಿಕ್ಯುಲೇಟಾ ಎಂಬ ಇನ್ನೊಂದು ನೆಲದ ಆರ್ಕಿಡ್‌ಗೂ ಬಿಳಿ ಹೂ, ಅಷ್ಟೇ ಉದ್ದದ ಕೊಳವೆ. ಆದರೆ ಅದರ ತುಟಿಗೆ ಬಾಚಣಿಗೆ ಅಂಚಿಲ್ಲ, ಎಲೆಗಳೆಲ್ಲ ಬುಡದ ಹತ್ತಿರ ಇರುತ್ತವೆ. ಪೆಕ್ಟೈಲಿಸ್‌ಗೆ ಕಾಂಡದ ಉದ್ದಕ್ಕೂ ಎಲೆ, ಗಿಡವೂ ಎತ್ತರ. ನೆಲಕ್ಕೆ ಅಂಟಿದಂತೆ ದುಂಡನೆಯ ಒಂದೇ ಎಲೆ ಇದ್ದರೆ ಅದು ಹೆಬನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್. ಹೂಗಳೆಲ್ಲ ಒಂದೇ ಬದಿಗೆ ಸಾಲಾಗಿದ್ದರೆ ಹೆಬನೇರಿಯಾ ಹೇನಿಯಾನಾ ಇರಬಹುದು.

ಫೋಟೋ ತೆಗೆಯುವಾಗ ಹೂವಿನ ಎದುರು, ಪಕ್ಕದಿಂದ ಕೊಳವೆ, ಆಮೇಲೆ ಬುಡದಿಂದ ತುದಿವರೆಗೆ ಇಡೀ ಗಿಡ, ಇಷ್ಟು ಬೇಕೇ ಬೇಕು. ಬರೀ ಹೂ ತೆಗೆದರೆ ಎಲೆ ಎಲ್ಲಿತ್ತು ಅಂತ ಆಮೇಲೆ ಗೊತ್ತಾಗುವುದಿಲ್ಲ, ಅಲ್ವಾ? ಅಳತೆಗೆ ಪಕ್ಕದಲ್ಲಿ ಪೆನ್ನು ಹಿಡಿಯಿರಿ, ಹೂ ಕೀಳಬೇಡಿ. ಗಡ್ಡೆ ಅಗೆದು ಮನೆ ಕುಂಡಕ್ಕೆ ತರುವ ಯೋಚನೆಯನ್ನಂತೂ ಬಿಟ್ಟೇಬಿಡಿ. ಇದರ ಬೀಜದಲ್ಲಿ ಹಿಟ್ಟಿನಂಥ ಆಹಾರವೇ ಇಲ್ಲ, ಮಣ್ಣಿನ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ, ಹಾಗಾಗಿ ಒಂದು ಗಿಡ ಹೋದರೆ ಅದರ ಜಾಗಕ್ಕೆ ಇನ್ನೊಂದು ಸುಲಭಕ್ಕೆ ಬರುವುದಿಲ್ಲ. ಫೋಟೋ ಹಂಚುವಾಗ ತಾಲೂಕಿನ ಹೆಸರು ಹಾಕಿದರೆ ಸಾಕು, ಫೋನಿನ ಲೊಕೇಶನ್ ಆಫ್ ಮಾಡಿ.