ಅಂಗಿ ಜೇಬಿನ ಮಾತ್ರೆ

ಮೊದಲ ಸಲ ಅದು ಬಂದಿದ್ದು ಮೆಟ್ರೋದಲ್ಲಿ. ಬೆಂಗಳೂರಿನ ನೇರಳೆ ಮಾರ್ಗ, ಸಂಜೆ ಆರೂವರೆ. ಇಂದಿರಾನಗರದಲ್ಲಿ ಹತ್ತಿ ವಿಜಯನಗರದ ಮನೆಗೆ ಹೊರಟಿದ್ದೆ. ಎಂ.ಜಿ. ರಸ್ತೆ ದಾಟಿ ರೈಲು ಸುರಂಗಕ್ಕೆ ಇಳಿಯಿತು. ಕಬ್ಬನ್ ಪಾರ್ಕ್ ಬಿಟ್ಟಿದ್ದೇ ತಡ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಬೆರಳುಗಳು ಜುಮ್ಮೆಂದವು, ಎಷ್ಟು ಎಳೆದುಕೊಂಡರೂ ಉಸಿರು ಸಾಲಲಿಲ್ಲ, ಪಕ್ಕದವರ ಮಾತು ಎಲ್ಲೋ ದೂರದಿಂದ ಬಂದ ಹಾಗೆ ಕೇಳಿಸಿತು. ಇಲ್ಲೇ ಸಾಯ್ತೀನಿ ಅಂದುಕೊಂಡೆ. ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. ಗ್ಯಾಸ್ ಇರಬೇಕು ಅಂದರು.

ಎರಡು ತಿಂಗಳಲ್ಲಿ ಇನ್ನೂ ಎರಡು ಸಲ ಹೀಗೇ ಓಡಿದೆ. ಅಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಮೂರನೇ ಸಲ ಸಿಕ್ಕ ಡಾಕ್ಟರು ಹೃದಯದ ಎಲ್ಲ ಪರೀಕ್ಷೆ ಮುಗಿಸಿ, ಹತ್ತಿರ ಕೂರಿಸಿಕೊಂಡು ಹೇಳಿದರು: "ಹೃದಯ ಚೆನ್ನಾಗಿದೆ. ಇದು ಪ್ಯಾನಿಕ್, ಅಂದರೆ ದಿಢೀರನೆ ಏಳುವ ವಿಪರೀತ ಗಾಬರಿ. ಮನೋವೈದ್ಯರನ್ನು ನೋಡಿ." ಆ ಒಂದು ಮಾತಿಗೆ ಇವತ್ತಿಗೂ ಅವರನ್ನು ನೆನೆಯುತ್ತೇನೆ. ನಿಮಗೂ ಹೀಗಾಗುತ್ತಿದ್ದರೆ ಮೊದಲು ಹೃದಯ, ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳಿ, ಆಮೇಲೆ ಉಳಿದದ್ದು.

ಮಿದುಳಿನಲ್ಲಿ ಅಮಿಗ್ಡಲಾ ಅಂತ ಒಂದು ಭಾಗವಿದೆ, ಎರಡೂ ಕಡೆ ಒಂದೊಂದು, ಬಾದಾಮಿ ಕಾಳಿನ ಆಕಾರ. ಅಪಾಯದ ಸುಳಿವು ಸಿಕ್ಕ ಕೂಡಲೇ, ನಾವು ಯೋಚಿಸಿ ಮುಗಿಸುವ ಮೊದಲೇ, ಅದು ಗಂಟೆ ಬಾರಿಸಿಬಿಡುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಓಡುವುದಕ್ಕೆ ಬೇಕಾದ ರಕ್ತ ಕಾಲಿಗೆ ಹೋಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ. ಹೊಟ್ಟೆ ತೊಳಸಿದ ಹಾಗಾಗುವುದು ಅದಕ್ಕೇ. ಗಾಬರಿಯಲ್ಲಿ ಜಾಸ್ತಿ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾಗಿ ತಲೆ ತಿರುಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ಅಂದರೆ ನನಗೆ ಗಾಳಿ ಸಾಲದೇ ಹೋಗಿರಲಿಲ್ಲ, ಜಾಸ್ತಿಯಾಗಿತ್ತು!

ನನ್ನ ಥೆರಪಿಸ್ಟ್, ಅಂದರೆ ಮಾತು, ಅಭ್ಯಾಸಗಳ ಮೂಲಕ ಚಿಕಿತ್ಸೆ ಕೊಡುವವರು, ಒಂದು ಸಂಗತಿ ಹೇಳಿದರು. ಅಮೆರಿಕದಲ್ಲಿ ಒಬ್ಬ ಮಹಿಳೆ ಇದ್ದಾರೆ, ವೈದ್ಯಲೋಕಕ್ಕೆ ಅವರ ಪರಿಚಯ ಎಸ್.ಎಂ. ಅನ್ನುವ ಅಕ್ಷರಗಳಿಂದ ಮಾತ್ರ. ಅಪರೂಪದ ಕಾಯಿಲೆಯಿಂದ ಅವರ ಎರಡೂ ಅಮಿಗ್ಡಲಾ ಹಾಳಾಗಿವೆ. ಹಾವನ್ನು ಕೈಯಲ್ಲಿ ಹಿಡಿದರೂ ಅವರಿಗೆ ಭಯವಿಲ್ಲ, ಕುತೂಹಲ ಮಾತ್ರ. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇ. 35ರಷ್ಟು ಕಾರ್ಬನ್ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಂದೇ ಒಂದು ಸಲ ಉಸಿರಾಡಿದ್ದಕ್ಕೆ ಅವರಿಗೂ ಪ್ಯಾನಿಕ್ ಬಂತು. ಹೊರಗಿನ ಅಪಾಯಕ್ಕೆ ಹುಟ್ಟುವ ಭಯ ಒಂದು, ಮೈಯೊಳಗಿಂದಲೇ ಏಳುವ ಭಯ ಇನ್ನೊಂದು. ಇದನ್ನು ಕೇಳಿದ ದಿನ ನನ್ನ ಎದೆಯ ಮೇಲಿನ ಒಂದು ಭಾರ ಇಳಿಯಿತು. ಧೈರ್ಯ ಕಡಿಮೆ ಅನ್ನುವ ಬೈಗುಳವನ್ನು ಅಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ.

ಆದರೆ ಇಷ್ಟೆಲ್ಲ ತಿಳಿದುಕೊಂಡಿದ್ದರಿಂದ ಭಯ ಹೋಗಲಿಲ್ಲ. ತಿಳಿವಳಿಕೆ ಬಂದಿದ್ದು ನನಗೆ, ಅಮಿಗ್ಡಲಾಗೆ ಅಲ್ಲ.

ಮನೋವೈದ್ಯರು ಎಸ್ಸಿಟಲೊಪ್ರಾಮ್ ಅನ್ನುವ ಮಾತ್ರೆಯನ್ನು 5 ಮಿ.ಗ್ರಾಂ.ನಿಂದ ಶುರು ಮಾಡಿದರು. ಮೊದಲ ವಾರ ಚಡಪಡಿಕೆ ಜಾಸ್ತಿಯಾಗಬಹುದು, ಅದಕ್ಕೆ ಹೆದರಿ ಬಿಡಬೇಡಿ ಅಂತ ಮೊದಲೇ ಹೇಳಿದ್ದರು. ನಿಜಕ್ಕೂ ಆಯಿತು. ಆಮೇಲೆ 10 ಮಾಡಿದರು, ಗುಣ ಕಾಣಲು ಐದಾರು ವಾರ ಹಿಡಿಯಿತು. ಈ ಔಷಧ ನರಕೋಶಗಳ ನಡುವೆ ಸಿರೊಟೋನಿನ್ ಅನ್ನುವ ರಾಸಾಯನಿಕವನ್ನು ಹೆಚ್ಚಿಸಲು ಶುರು ಮಾಡುವುದು ಕೆಲವೇ ಗಂಟೆಗಳಲ್ಲಿ, ಗುಣ ಕಾಣುವುದು ಮಾತ್ರ ವಾರಗಳ ಮೇಲೆ. ಮಿದುಳು ನಿಧಾನವಾಗಿ ಹೊಂದಿಕೊಳ್ಳಬೇಕಲ್ವಾ. ನನಗೆ ಆದದ್ದು ಇಷ್ಟು: ಭಯದ ಗಂಟೆ ನಿಲ್ಲಲಿಲ್ಲ, ಅದರ ಸದ್ದು ಕಡಿಮೆಯಾಯಿತು.

ತುರ್ತಿಗೆ ಅಂತ ಕ್ಲೊನಾಜೆಪಾಮ್ ಕೂಡ ಕೊಟ್ಟಿದ್ದರು. ಅದು ಮಿದುಳಿನ ಗಾಬಾ ಅನ್ನುವ ಶಾಂತಗೊಳಿಸುವ ವ್ಯವಸ್ಥೆಯ ಬಲ ಹೆಚ್ಚಿಸುತ್ತದೆ, ಬೇಗ ಕೆಲಸ ಮಾಡುತ್ತದೆ, ದಿನಾ ತೆಗೆದುಕೊಂಡರೆ ಚಟವಾಗಿ ಅಂಟಿಕೊಳ್ಳುತ್ತದೆ. ನಾನು ನುಂಗಿದ್ದು ಕಡಿಮೆ. ಆದರೆ ಅದರ ಸ್ಟ್ರಿಪ್ ಯಾವಾಗಲೂ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಎಷ್ಟು ಸಲ ಅಂದರೆ ಅದರ ಮೂಲೆಯ ಬೆಳ್ಳಿ ಬಣ್ಣ ಅಳಿಸಿಹೋಗಿತ್ತು. ಜೊತೆಗೆ ನೀರಿನ ಬಾಟಲಿ, ಬಾಗಿಲ ಪಕ್ಕದ ಜಾಗ, ಹೆಂಡತಿಗೆ ಫೋನು.

ಇದನ್ನು ಗಮನಿಸಿದ್ದು ಥೆರಪಿಸ್ಟ್. "ಪ್ರತಿ ಸಲ ಬದುಕಿ ಉಳಿದದ್ದು ಯಾಕೆ ಅಂತ ನಿಮ್ಮ ಮಿದುಳು ಬರೆದುಕೊಂಡಿದೆ ಗೊತ್ತಾ? ಬೇಗ ಇಳಿದಿದ್ದಕ್ಕೆ, ಮಾತ್ರೆ ಇದ್ದಿದ್ದಕ್ಕೆ ಅಂತ." ಸುರಂಗದಿಂದ ಏನೂ ಆಗಲ್ಲ ಅನ್ನುವ ಪಾಠ ಕಲಿಯಲು ನಾನು ಅದಕ್ಕೆ ಅವಕಾಶವನ್ನೇ ಕೊಟ್ಟಿರಲಿಲ್ಲ.

ಮೆಟ್ರೋಗಿಂತ ಮೊದಲು ಅವರ ಕೋಣೆಯಲ್ಲೇ ಅಭ್ಯಾಸ ಶುರುವಾಯಿತು. ಎಳನೀರಿನ ಸ್ಟ್ರಾ ಬಾಯಿಗಿಟ್ಟು, ಮೂಗು ಹಿಡಿದು ಒಂದು ನಿಮಿಷ ಉಸಿರಾಡಬೇಕು. ಇಪ್ಪತ್ತು ಸೆಕೆಂಡಿಗೆ ಕಣ್ಣಲ್ಲಿ ನೀರು ಬಂತು, ಸ್ಟ್ರಾ ಕಿತ್ತೆಸೆದೆ. ಅವರು ಸುಮ್ನೆ ಇನ್ನೊಂದು ಸ್ಟ್ರಾ ಕೈಗೆ ಕೊಟ್ಟರು. ನಾಲ್ಕನೇ ಸಲ ಒಂದು ನಿಮಿಷ ಪೂರ್ತಿ ಆಯಿತು. ಆಮೇಲೆ ತಿರುಗುವ ಕುರ್ಚಿ, ಮೂರು ಮಹಡಿ ಮೆಟ್ಟಿಲು ಓಡಿ ಹತ್ತುವುದು. ನಾನು ಸಾವು ಅಂದುಕೊಂಡಿದ್ದ ಒಂದೊಂದು ಲಕ್ಷಣವನ್ನೂ ನಾನೇ ಬರಿಸಿಕೊಂಡು, ಅದು ತಾನಾಗಿ ಇಳಿಯುವುದನ್ನು ನೋಡುತ್ತಾ ಕೂರುವುದು. ಮನೆಯಲ್ಲೂ ದಿನಾ ಮಾಡಿದೆ, ಮಗಳು ಗಡಿಯಾರ ಹಿಡಿದು ಲೆಕ್ಕ ಇಡುತ್ತಿದ್ದಳು.

ಆಮೇಲೆ ಸುರಂಗ. ಮಧ್ಯಾಹ್ನ, ಎಂ.ಜಿ. ರಸ್ತೆಯಿಂದ ಕಬ್ಬನ್ ಪಾರ್ಕ್, ಒಂದೇ ನಿಲ್ದಾಣ. ಹತ್ತುವ ಮೊದಲು ಚೀಟಿಯಲ್ಲಿ ಬರೆಯಬೇಕು: ಏನಾಗುತ್ತದೆ, ಎಷ್ಟು ಖಾತ್ರಿ. "ಎಚ್ಚರ ತಪ್ಪಿ ಬೀಳ್ತೀನಿ, ನೂರಕ್ಕೆ ತೊಂಬತ್ತು" ಅಂತ ಬರೆದೆ. ಇಳಿದ ಮೇಲೆ ಅದರ ಕೆಳಗೆ, "ಬೀಳಲಿಲ್ಲ." ಹೀಗೆ ನಲವತ್ತಕ್ಕೂ ಹೆಚ್ಚು ಚೀಟಿಗಳಾದವು. ತೊಂಬತ್ತು ಅರವತ್ತಕ್ಕೆ ಇಳಿಯಿತು, ಕೆಟ್ಟ ದಿನ ಮತ್ತೆ ಎಂಬತ್ತಕ್ಕೆ ಏರಿತು, ಕೊನೆಗೆ ಹತ್ತಕ್ಕೆ ಬಂತು. ಸಂಜೆಯ ನೂಕುನುಗ್ಗಲಿನಲ್ಲಿ, ಬೋಗಿಯ ಮಧ್ಯೆ ನಿಂತು, ಸುರಂಗದ ಐದೂ ನಿಲ್ದಾಣ ದಾಟಿದೆ. ಅತಿ ಕಷ್ಟವಾಗಿದ್ದು ಸ್ಟ್ರಿಪ್ಪನ್ನು ಮನೆಯ ಡ್ರಾಯರಿನಲ್ಲಿಟ್ಟು ಹೊರಟ ದಿನ. ಬಾಗಿಲ ತನಕ ಹೋಗಿ ಎರಡು ಸಲ ವಾಪಸು ಬಂದೆ.

ಅಂಥ ಡಾಕ್ಟರು, ಥೆರಪಿಸ್ಟ್ ಎಲ್ಲರಿಗೂ ಸಿಗಲ್ಲ, ಗೊತ್ತು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಶುರು ಮಾಡುವುದಕ್ಕೆ ಅದು ಸಾಕು. ಮಾತ್ರೆಯನ್ನಂತೂ ನೀವೇ ಶುರು ಮಾಡಬೇಡಿ, ನೀವೇ ನಿಲ್ಲಿಸಲೂ ಬೇಡಿ. ನನ್ನ ಡೋಸನ್ನು ಒಂದು ವರ್ಷದ ಮೇಲೆ ಡಾಕ್ಟರೇ ನಿಧಾನಕ್ಕೆ ಇಳಿಸಿದರು.

ಇನ್ನೊಂದು ಮಾತು. ಹಳೇ ಭಯ ಮಿದುಳಿನಿಂದ ಅಳಿಸಿಹೋಗಲ್ಲ, ಅದರ ಮೇಲೆ ಹೊಸ ಪಾಠ ಬಂದು ಕೂರುತ್ತದೆ ಅಷ್ಟೇ. ಜಾಗ ಬದಲಾದರೆ ಹಳೆಯದು ಮತ್ತೆ ತಲೆ ಎತ್ತಬಹುದು. ಕಳೆದ ತಿಂಗಳು ಜ್ವರ ಬಿಟ್ಟ ಮಾರನೇ ದಿನ, ನೆಂಟರ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅದೇ ಡವಡವ, ಅದೇ ಜುಮ್ಮು. ಜೇಬಿಗೆ ಕೈ ಹೋಯಿತು, ಖಾಲಿ. ಏಳನೇ ಮಹಡಿ ತನಕ ಹಾಗೇ ನಿಂತೆ. ನೆಂಟರ ಮನೆಯಲ್ಲಿ ಕಾಫಿ ಕುಡಿದು, ಅದೇ ಲಿಫ್ಟಿನಲ್ಲಿ ಐದು ಸಲ ಮೇಲೆ ಕೆಳಗೆ ಓಡಾಡಿ ಮನೆಗೆ ಬಂದೆ.