ವ್ಯಾಟ್ ಕೇಳಿ ಅಲ್ಲ, ವೋಲ್ಟ್ ಅಳೆದು ಆಂಪ್ ಆರಿಸಿದೆ

ಸ್ಪೀಕರ್ ಆರಿಸುವುದು ಒಂದು ಲೆಕ್ಕಕ್ಕೆ ಸುಲಭ. ಕೂತು ಕೇಳಿದಿರಿ, ಕಿವಿಗೆ ಹಿಡಿಸಿತು, ತಗೊಂಡಿರಿ. ಆಂಪ್ಲಿಫೈಯರ್ ವಿಷಯ ಹಾಗಲ್ಲ. ಒಬ್ಬರು 200 ವ್ಯಾಟ್ ಇಲ್ಲದೆ ಆಗುವುದೇ ಇಲ್ಲ ಅಂತಾರೆ, ಇನ್ನೊಬ್ಬರು 20 ವ್ಯಾಟ್ ಸಾಕು ಅಂತಾರೆ, ಮತ್ತೊಬ್ಬರು ವ್ಯಾಟ್ ಮಾತೇ ಬೇಡ, ಪ್ರತಿ ಆಂಪ್‌ಗೂ ಅದರದ್ದೇ ಒಂದು ಸ್ವಭಾವ ಇರುತ್ತೆ ಅಂತ ಶುರು ಮಾಡುತ್ತಾರೆ. ನನಗೆ ಒಂದೇ ಕೋಣೆಯಲ್ಲಿ ಸಂಗೀತವೂ ಬೇಕಿತ್ತು, ಸಿನಿಮಾವೂ ಬೇಕಿತ್ತು. ಮುಂದೆ ಎರಡು ಟವರ್ ಸ್ಪೀಕರ್, ಮಧ್ಯೆ ಸೆಂಟರ್, ಹಿಂದೆ ಎರಡು ಸರೌಂಡ್, ಜೊತೆಗೊಂದು ಸಬ್‌ವೂಫರ್. ಸಬ್‌ವೂಫರ್ ಒಳಗೆ ಅದರದ್ದೇ ಆಂಪ್ ಇದೆ, ಅದರ ಚಿಂತೆ ಇಲ್ಲ. ಉಳಿದ ಐದಕ್ಕೆ ಏನು ಕೊಡಬೇಕು? ಯಾರ ಮಾತನ್ನೂ ಹಿಡಿದುಕೊಂಡು ಹೋಗುವ ಬದಲು, ನಾನು ಕೇಳುವಷ್ಟು ಜೋರಿಗೆ ನನ್ನ ಸ್ಪೀಕರ್ ನಿಜಕ್ಕೂ ಎಷ್ಟು ಎಳೆಯುತ್ತದೆ ಅಂತ ಅಳೆದೇ ನೋಡೋಣ ಅನ್ನಿಸಿತು.

ಮೊದಲು ಕಾಗದದ ಮೇಲಿನ ಲೆಕ್ಕ. ಸ್ಪೀಕರ್‌ನ ವಿವರದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತದೆ, ಇಷ್ಟು ವೋಲ್ಟ್ ಕೊಟ್ಟರೆ ಎಷ್ಟು ಜೋರು ಅಂತ. ನನ್ನ ಟವರ್‌ಗಳದ್ದು 86 ಡೆಸಿಬಲ್, 2.83 ವೋಲ್ಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದದ್ದು. ಈ 2.83 ಎಲ್ಲಿಂದ ಬಂತು ಅಂದರೆ, 8 ಓಮ್ (ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ) ಸ್ಪೀಕರ್‌ಗೆ ಅಷ್ಟು ವೋಲ್ಟ್ ಕೊಟ್ಟರೆ ಸರಿಯಾಗಿ 1 ವ್ಯಾಟ್ ಆಗುತ್ತದೆ. ಇಲ್ಲೇ ಒಂದು ಕಿತಾಪತಿಯೂ ಇದೆ. 4 ಓಮ್ ಸ್ಪೀಕರ್‌ಗೆ ಅದೇ 2.83 ವೋಲ್ಟ್ ಕೊಟ್ಟರೆ ಅದು 2 ವ್ಯಾಟ್ ಎಳೆಯುತ್ತದೆ, ಹಾಗಾಗಿ ಕಾಗದದ ಮೇಲೆ 3 ಡೆಸಿಬಲ್ ಜಾಸ್ತಿ ಕಾಣುತ್ತದೆ. ಎರಡು ಸ್ಪೀಕರ್ ಹೋಲಿಸುವಾಗ ಇದನ್ನು ಕಳೆದು ನೋಡಬೇಕು.

ನಾನು ಕೂರುವುದು ಸ್ಪೀಕರ್‌ನಿಂದ 3 ಮೀಟರ್ ದೂರದಲ್ಲಿ. ಬಯಲಲ್ಲಾದರೆ ಅಷ್ಟು ದೂರಕ್ಕೆ 9.5 ಡೆಸಿಬಲ್ ಕಡಿಮೆಯಾಗುತ್ತದೆ. ಕೋಣೆಯ ಗೋಡೆಗಳು ಸ್ವಲ್ಪ ವಾಪಸ್ ಕೊಡುತ್ತವೆ, ಅದನ್ನು 3 ಅಂತ ಹಿಡಿದೆ. ಅಂದರೆ ಒಂದು ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ ನನ್ನ ಕಿವಿಗೆ ಸುಮಾರು 79.5 ಡೆಸಿಬಲ್. ಸಂಗೀತ ಕೇಳಲು ಸರಾಸರಿ ಅಷ್ಟಿದ್ದರೆ ಅದೇ ಜೋರು! ಮಾಮೂಲಿ ದಿನಗಳಲ್ಲಿ ನಾವು ಕೇಳುವುದು ಒಂದು ವ್ಯಾಟ್‌ಗಿಂತ ಕಡಿಮೆಯಲ್ಲೇ.

ಹಾಗಾದರೆ ಉಳಿದ ವ್ಯಾಟ್ ಯಾಕೆ? ತಬಲಾದ ಒಂದು ಪೆಟ್ಟು, ಸಿನಿಮಾದಲ್ಲಿ ಒಂದು ಸ್ಫೋಟ, ಇವೆಲ್ಲ ಸರಾಸರಿಗಿಂತ 15–20 ಡೆಸಿಬಲ್ ಮೇಲೆ ಹಾರುತ್ತವೆ, ಅದೂ ಕ್ಷಣ ಮಾತ್ರ. 10 ಡೆಸಿಬಲ್ ಮೇಲೆ ಹೋಗಬೇಕಾದರೆ ಹತ್ತು ಪಟ್ಟು ವ್ಯಾಟ್ ಬೇಕು, 20 ಡೆಸಿಬಲ್‌ಗೆ ನೂರು ಪಟ್ಟು. ಚಿತ್ರಮಂದಿರದ ರೆಫರೆನ್ಸ್ ಮಟ್ಟದಲ್ಲಿ ಪ್ರತಿ ಮುಖ್ಯ ಚಾನೆಲ್‌ನ ಶಿಖರ 105 ಡೆಸಿಬಲ್. ನನ್ನ ಲೆಕ್ಕದಲ್ಲಿ ಅದಕ್ಕೆ 350 ವ್ಯಾಟ್ ದಾಟುತ್ತದೆ. ಗಾಬರಿ ಆಗುತ್ತೆ, ಅಲ್ವಾ? ಆದರೆ ಮನೆಯಲ್ಲಿ ಆ ಮಟ್ಟದಲ್ಲಿ ಪೂರ್ತಿ ಸಿನಿಮಾ ನೋಡುವವರು ಕಡಿಮೆ. ಆ ರೆಫರೆನ್ಸ್ ಮಟ್ಟವನ್ನು 0 ಅಂತ ಹಿಡಿದರೆ ನನ್ನ ವಾಲ್ಯೂಮ್ -10 ದಾಟುವುದಿಲ್ಲ. ಆ 10 ಡೆಸಿಬಲ್ ಇಳಿದ ತಕ್ಷಣ 350 ಇದ್ದದ್ದು 35 ವ್ಯಾಟ್ ಆಗಿಬಿಡುತ್ತದೆ. ಆಂಪ್ ಆರಿಸುವಾಗ ಎಲ್ಲಕ್ಕಿಂತ ಮೊದಲು ನಿಮ್ಮ ವಾಲ್ಯೂಮ್ ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ಲೆಕ್ಕ ಏನೋ ಸರಿ, ಆದರೆ ಅದರಲ್ಲಿ ಊಹೆಯೂ ಇದೆ. ಹಾಗಾಗಿ ಮಲ್ಟಿಮೀಟರ್ ತೆಗೆದೆ.

ಮನೆಯಲ್ಲಿ ಒಂದು ಹಳೇ ರಿಸೀವರ್ ಇತ್ತು, ಅಂದರೆ ಸಿನಿಮಾದ ಎಲ್ಲ ಚಾನೆಲ್‌ಗೂ ಒಳಗೇ ಆಂಪ್ ಇರುವ ಪೆಟ್ಟಿಗೆ. ಅದರಲ್ಲೇ ಅಳೆದೆ. ಕಂಪ್ಯೂಟರ್‌ನಲ್ಲಿ ಆಡಾಸಿಟಿ ಅನ್ನುವ ಆಡಿಯೊ ಎಡಿಟರ್ ತೆರೆದು 200 ಹರ್ಟ್ಸ್‌ನ ಸೈನ್ ಟೋನ್ ಮಾಡಿಕೊಂಡೆ, ಆಂಪ್ಲಿಟ್ಯೂಡ್ 0.25. ಅಂದರೆ ಡಿಜಿಟಲ್ ಗರಿಷ್ಠಕ್ಕಿಂತ 12 ಡೆಸಿಬಲ್ ಕೆಳಗೆ. 200 ಯಾಕೆ ಅಂದರೆ ಸಾಮಾನ್ಯ ಮಲ್ಟಿಮೀಟರ್‌ಗಳು ಎಸಿ ವೋಲ್ಟ್ ಅನ್ನು ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ತೋರಿಸುತ್ತವೆ, ತೀರಾ ಕೆಳಗೆ ಹೋದರೆ ಸಬ್‌ವೂಫರ್‌ಗೆ ಕಳಿಸುವ ಫಿಲ್ಟರ್ ಅಡ್ಡ ಬರುತ್ತದೆ. ಆಮೇಲೆ ನನ್ನ ಹತ್ತಿರ ಇರುವ ಅತಿ ಗದ್ದಲದ ಸಿನಿಮಾ ದೃಶ್ಯ ಹಾಕಿ, ಇದಕ್ಕಿಂತ ಜೋರು ಬೇಡಪ್ಪಾ ಅನ್ನುವಲ್ಲಿಗೆ ವಾಲ್ಯೂಮ್ ತಂದು ನಿಲ್ಲಿಸಿದೆ. ಅದು ಆ -10ರಲ್ಲೇ ನಿಂತಿತು. ನಂತರ ವಾಲ್ಯೂಮ್ ಮುಟ್ಟದೆ ರಿಸೀವರ್ ಆಫ್ ಮಾಡಿ, ಸ್ಪೀಕರ್ ವೈರ್ ಎಲ್ಲ ಬಿಚ್ಚಿ, ಮತ್ತೆ ಆನ್ ಮಾಡಿ, ಈಕ್ವಲೈಜರ್, ಡೈನಾಮಿಕ್ ವಾಲ್ಯೂಮ್ ಇತ್ಯಾದಿ ಆಫ್ ಮಾಡಿ, ಟೋನ್ ಓಡಿಸಿ, ಎಡ ಚಾನೆಲ್‌ನ ಕೆಂಪು-ಕಪ್ಪು ಟರ್ಮಿನಲ್‌ಗೆ ಮೀಟರ್‌ನ ಕಡ್ಡಿ ಇಟ್ಟೆ. ವೈರ್ ಬಿಚ್ಚದಿದ್ದರೆ ಆ ಟೋನ್ ಕಿವಿ ಹರಿಯುವಷ್ಟು ಜೋರಾಗಿ ಬರುತ್ತದೆ. ಒಂದು ಎಚ್ಚರಿಕೆ: ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿರುವುದು) ಇದ್ದವರು ಹೀಗೆ ಸ್ಪೀಕರ್ ಬಿಚ್ಚಿ ಓಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಸಾಮಾನ್ಯವಾಗಿ ಆ ತೊಂದರೆ ಇಲ್ಲ, ಕಡ್ಡಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ ಸಾಕು.

ಮೀಟರ್ 4.1 ವೋಲ್ಟ್ ತೋರಿಸಿತು. 12 ಡೆಸಿಬಲ್ ಅಂದರೆ ವೋಲ್ಟ್‌ನಲ್ಲಿ ನಾಲ್ಕು ಪಟ್ಟು, ಹಾಗಾಗಿ ಆ ವಾಲ್ಯೂಮ್‌ನಲ್ಲಿ ಬರಬಹುದಾದ ಗರಿಷ್ಠ 16.4 ವೋಲ್ಟ್. ಅದರ ವರ್ಗವನ್ನು 8 ಓಮ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 34 ವ್ಯಾಟ್. ಕಾಗದದ ಲೆಕ್ಕ 35 ಹೇಳಿತ್ತು. ಅದೇ ರೀತಿ ಸಂಗೀತಕ್ಕೆ ಅಳೆದಾಗ 2.4 ವೋಲ್ಟ್ ಬಂತು, ಅಂದರೆ 12 ವ್ಯಾಟ್ ಒಳಗೇ.

ಇಷ್ಟೇ ಆಗಿದ್ದರೆ ಯಾವ ಆಂಪ್ ಬೇಕಾದರೂ ನಡೆಯುತ್ತಿತ್ತು. ಆದರೆ ಸ್ಪೀಕರ್‌ನ ಓಮ್ ಅನ್ನುವುದು ಒಂದೇ ಕಡೆ ನಿಲ್ಲುವ ಸಂಖ್ಯೆ ಅಲ್ಲ. ನನ್ನ ಟವರ್ ಹಿಂದೆ 8 ಓಮ್ ಅಂತ ಬರೆದಿದೆ, ಓಮ್ ಹೇಗೆ ಏರಿಳಿಯುತ್ತದೆ ಅಂತ ತೋರಿಸುವ ಇಂಪಿಡೆನ್ಸ್ ಗ್ರಾಫ್ ನೋಡಿದರೆ 150 ಹರ್ಟ್ಸ್ ಆಸುಪಾಸಿನಲ್ಲಿ 4.2ಕ್ಕೆ ಇಳಿಯುತ್ತದೆ. ಐಇಸಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಪ್ರಕಾರ ಬರೆದ ಸಂಖ್ಯೆಯ ಶೇ. 80ಕ್ಕಿಂತ ಕೆಳಗೆ ಇಳಿಯಬಾರದು, ಆ ಲೆಕ್ಕಕ್ಕೆ ಇದನ್ನು 8 ಅಂತ ಕರೆಯುವಂತೆಯೇ ಇಲ್ಲ. ಅದೇ 16.4 ವೋಲ್ಟ್ 4.2 ಓಮ್‌ಗೆ ಹೋದರೆ 64 ವ್ಯಾಟ್, ಕರೆಂಟ್ ಕೂಡ ಹತ್ತಿರ ಹತ್ತಿರ ಎರಡು ಪಟ್ಟು. ಆಂಪ್ ಬಿಸಿಯಾಗುವುದು, ಪ್ರೊಟೆಕ್ಷನ್‌ಗೆ ಹೋಗಿ ಟಕ್ ಅಂತ ನಿಲ್ಲುವುದು ಇಂಥ ಕಡೆಯೇ. ಹಾಗಾಗಿ ನಾನು ಹುಡುಕಿದ್ದು ಜಾಸ್ತಿ ವ್ಯಾಟ್ ಅಲ್ಲ. 4 ಓಮ್‌ಗೆ ಎಷ್ಟು ಕೊಡುತ್ತೀಯಾ ಅಂತ ಕೇಳಿದರೆ ನೇರವಾಗಿ ಉತ್ತರ ಕೊಡುವ ಆಂಪ್.

ರಿಸೀವರ್ ಡಬ್ಬಿಗಳ ಮೇಲಿನ ಸಂಖ್ಯೆ ನೋಡಿದರೆ ಈ ಉತ್ತರ ಸಿಗುವುದಿಲ್ಲ. ದಪ್ಪ ಅಕ್ಷರದಲ್ಲಿ ಪ್ರತಿ ಚಾನೆಲ್‌ಗೆ 150 ವ್ಯಾಟ್ ಅಂತ ಇರುತ್ತದೆ. ಕೆಳಗೆ ಸಣ್ಣದಾಗಿ 6 ಓಮ್, 1 ಕಿಲೋಹರ್ಟ್ಸ್, ಶೇ. 10 ಡಿಸ್ಟಾರ್ಷನ್, ಒಂದೇ ಚಾನೆಲ್ ಓಡಿದಾಗ ಅಂತ. ಡಿಸ್ಟಾರ್ಷನ್ ಅಂದರೆ ಧ್ವನಿ ಕೆಡುವುದು, ಅದು ಶೇ. 10 ಅಂದರೆ ಆಂಪ್ ಆಗಲೇ ಚೆನ್ನಾಗಿ ಕ್ಲಿಪ್ ಆಗಿದೆ (ಕೊಡಲಾಗದೆ ಅಲೆಯ ತುದಿ ಕತ್ತರಿಸಿದೆ) ಅಂತ ಅರ್ಥ. ನಾನು ನೋಡುವ ಸಾಲು ಒಂದೇ: 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಡಿಸ್ಟಾರ್ಷನ್ ಶೇ. 0.1ರ ಒಳಗೆ, ಎರಡು ಚಾನೆಲ್ ಒಟ್ಟಿಗೆ. ಅಲ್ಲಿಗೆ 150 ಇದ್ದದ್ದು 80ಕ್ಕೆ ಬಂದು ನಿಲ್ಲುತ್ತದೆ. ಪರವಾಗಿಲ್ಲ, 80 ನಿಜವಾದ 80 ಆಗಿದ್ದರೆ ಸಾಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಆಟಕ್ಕೆ ಕಡಿವಾಣ ಹಾಕಲು 1974ರಲ್ಲೇ ನಿಯಮ ತಂದಿತ್ತು, 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಪಿಎಂಪಿಒ (ಉಬ್ಬಿಸಿ ಬರೆಯುವ ಕ್ಷಣಿಕ ಗರಿಷ್ಠ ವ್ಯಾಟ್) ಅಂತ ಬರೆದಿದ್ದರೆ ಮಾತ್ರ ಓದುವ ಕೆಲಸವೇ ಇಲ್ಲ, ಮುಂದೆ ಹೋಗಿ. ಇನ್ನು 80 ವ್ಯಾಟ್‌ನಿಂದ 100ಕ್ಕೆ ಹೋದರೆ ಸಿಗುವುದು 1 ಡೆಸಿಬಲ್, 160ಕ್ಕೆ ಹೋದರೂ 3 ಡೆಸಿಬಲ್. ಆ ಒಂದು ಡೆಸಿಬಲ್‌ಗೆ ಮೇಲಿನ ಮಾಡೆಲ್ ತಗೊಳ್ಳಬೇಡಿ.

ರಿಸೀವರ್ ಹಿಂದೆ ಅಥವಾ ಮೆನುವಿನಲ್ಲಿ 4 ಓಮ್/8 ಓಮ್ ಸೆಟ್ಟಿಂಗ್ ಇರುತ್ತದಲ್ಲ, ಅದರ ಬಗ್ಗೆ ಒಂದು ಮಾತು. 4ಕ್ಕೆ ಹಾಕಿದರೆ ಆಂಪ್‌ಗೆ ಶಕ್ತಿ ಬಂದುಬಿಡುವುದಿಲ್ಲ. ಬಹುತೇಕ ರಿಸೀವರ್‌ಗಳಲ್ಲಿ ಒಳಗಿನ ವೋಲ್ಟೇಜ್ ಕಡಿಮೆ ಆಗುತ್ತದೆ, ಬಿಸಿ ಕಡಿಮೆಯಾಗಲಿ ಅಂತ. ನಾನು 8ರಲ್ಲೇ ಬಿಟ್ಟು, ಮೇಲೆ ಗಾಳಿ ಆಡಲು ಒಂದು ಗೇಣು ಜಾಗ ಬಿಟ್ಟಿದ್ದೇನೆ.

ಈಗ "ಸ್ವಭಾವ"ದ ವಿಷಯ. ಸ್ನೇಹಿತರೊಬ್ಬರು ತಮ್ಮ ಸ್ಟೀರಿಯೊ ಇಂಟಿಗ್ರೇಟೆಡ್ ಆಂಪ್ (ವಾಲ್ಯೂಮ್ ಭಾಗವೂ ಪವರ್ ಆಂಪ್ ಕೂಡ ಒಂದೇ ಪೆಟ್ಟಿಗೆಯಲ್ಲಿರುವುದು) ಕೇಳಿ ನೋಡಿ ಅಂತ ಕೊಟ್ಟಿದ್ದರು. ನನ್ನ ಹಳೇ ರಿಸೀವರ್ ಪಕ್ಕ ಇಟ್ಟು ಸುಮ್ನೆ ಕೇಳಿದಾಗ ಅದು ಎಷ್ಟೋ ವಾಸಿ ಅನ್ನಿಸಿತು. ಆಮೇಲೆ ಅದೇ ಟೋನ್ ಹಾಕಿ ಎರಡರ ಔಟ್‌ಪುಟ್ ಅಳೆದರೆ ಇಂಟಿಗ್ರೇಟೆಡ್ ಸ್ವಲ್ಪ ಜೋರಿತ್ತು ಅಷ್ಟೇ. ಒಂದು 2.00 ವೋಲ್ಟ್ ಇದ್ದರೆ ಇನ್ನೊಂದು 2.02 ಒಳಗೆ ಬರುವ ಹಾಗೆ ಸರಿಮಾಡಿದೆ. ಅಷ್ಟಾದರೆ ವ್ಯತ್ಯಾಸ 0.1 ಡೆಸಿಬಲ್ ಒಳಗೆ. ಸ್ವಿಚ್ ಪೆಟ್ಟಿಗೆಯನ್ನು ತಂಗಿಯ ಕೈಗೆ ಕೊಟ್ಟು, ಯಾವುದು ಓಡುತ್ತಿದೆ ಅಂತ ಹೇಳದೆ ಬದಲಿಸು ಅಂದೆ. ಹೇಳಲು ಆಗಲಿಲ್ಲ ನನಗೆ. "ಅಣ್ಣಾ, ಈಗ ಬದಲಿಸಿಯೇ ಇಲ್ಲ" ಅಂತ ಅವಳು ನಗುವ ಹೊತ್ತಿಗೆ ನಾನು ಎಷ್ಟೋ ಗುಣವಿಶೇಷ ವರ್ಣಿಸಿ ಆಗಿತ್ತು. ಎರಡೂ ಆಂಪ್ ಕ್ಲಿಪ್ ಆಗದೆ, ಸ್ಪೀಕರ್‌ನ ಓಮ್ ತಡೆದುಕೊಂಡು ಓಡುತ್ತಿದ್ದರೆ ವ್ಯತ್ಯಾಸ ತುಂಬಾ ಸಣ್ಣದು ಅಂತ ನನ್ನ ಅಭಿಪ್ರಾಯ. ವಾಲ್ವ್ ಆಂಪ್‌ಗಳ ಮಾತು ಬೇರೆ, ಅವು ಸ್ಪೀಕರ್‌ನ ಓಮ್ ಏರಿಳಿದ ಹಾಗೆ ಧ್ವನಿಯನ್ನೂ ಬದಲಿಸುತ್ತವೆ.

ಕಣ್ಣು ಮುಚ್ಚಿಕೊಂಡು ಹೇಳಬಹುದಾದ ವ್ಯತ್ಯಾಸ ಬಂದದ್ದು ರಿಸೀವರ್‌ನ ರೂಮ್ ಕರೆಕ್ಷನ್ (ಮೈಕ್‌ನಿಂದ ಅಳೆದು ಕೋಣೆಗೆ ತಕ್ಕಂತೆ ಧ್ವನಿ ಸರಿಮಾಡುವುದು) ಆನ್ ಮಾಡಿದಾಗ. ನನ್ನ ಕೋಣೆಯಲ್ಲಿ 45 ಹರ್ಟ್ಸ್ ಹತ್ತಿರ ಒಂದು ದೊಡ್ಡ ಗುಂಯ್ ಇತ್ತು, ಅದು ಹೋಯಿತು. ಹಾಗಾಗಿ ದುಡ್ಡು ಎಲ್ಲಿ ಹಾಕಬೇಕು ಎನ್ನುವುದು ಅಲ್ಲಿಗೆ ತೀರ್ಮಾನವಾಯಿತು: ಒಳ್ಳೆಯ ರೂಮ್ ಕರೆಕ್ಷನ್ ಮತ್ತು ಪ್ರೀ-ಔಟ್ (ಹೊರಗಿನ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇರುವ ಮಧ್ಯಮ ದರ್ಜೆಯ ರಿಸೀವರ್. ಸಂಗೀತವೂ ಅದರಿಂದಲೇ. ಮುಂದಿನ ಎರಡು ಟವರ್‌ಗೆ ಮಾತ್ರ, ಆ 4.2 ಓಮ್ ಕಾರಣಕ್ಕೆ, ಬೇರೆ ಎರಡು ಚಾನೆಲ್ ಪವರ್ ಆಂಪ್.

ಆ ಪವರ್ ಆಂಪ್ ಕ್ಲಾಸ್ ಡಿ, ಅಂದರೆ ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್‌ನಂತೆ ವೇಗವಾಗಿ ಆನ್-ಆಫ್ ಮಾಡಿ ಕೆಲಸ ಮಾಡುವುದು. ಹಳೇ ಕ್ಲಾಸ್ ಡಿ ಆಂಪ್‌ಗಳಲ್ಲಿ ಸ್ಪೀಕರ್ ಬದಲಾದರೆ ಮೇಲಿನ ಸ್ವರಗಳೂ ಬದಲಾಗುವ ಸಮಸ್ಯೆ ಇತ್ತು. ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಮಾಡ್ಯೂಲ್‌ಗಳಲ್ಲಿ ಫೀಡ್‌ಬ್ಯಾಕ್ (ಔಟ್‌ಪುಟ್ ನೋಡಿ ತಪ್ಪು ತಿದ್ದಿಕೊಳ್ಳುವ ಸಿಗ್ನಲ್) ಅನ್ನು ಔಟ್‌ಪುಟ್ ಫಿಲ್ಟರ್ ನಂತರ ತೆಗೆದುಕೊಳ್ಳುವುದರಿಂದ ಅದು ಕಾಡುವುದಿಲ್ಲ. 4 ಓಮ್‌ಗೆ ಆರಾಮಾಗಿ ಓಡುತ್ತದೆ, ಬೆಚ್ಚಗೂ ಆಗುವುದಿಲ್ಲ.

ತಗೊಳ್ಳುವ ಮುಂಚೆ ನೋಡಿದ ಇನ್ನೊಂದು ಸಂಖ್ಯೆ ಗೇನ್. ಇದನ್ನು ಬಹಳ ಜನ ನೋಡುವುದೇ ಇಲ್ಲ. ಈ ಪವರ್ ಆಂಪ್‌ನದ್ದು 26 ಡೆಸಿಬಲ್, ಅಂದರೆ ಬಂದ ವೋಲ್ಟ್ ಅನ್ನು 20 ಪಟ್ಟು ಮಾಡುತ್ತದೆ. ನನಗೆ ಬೇಕಾದ 16.4 ವೋಲ್ಟ್‌ಗೆ ರಿಸೀವರ್‌ನ ಪ್ರೀ-ಔಟ್ 0.82 ವೋಲ್ಟ್ ಕೊಟ್ಟರೆ ಸಾಕು, ಅದು ಶುದ್ಧವಾಗಿ ಬರುತ್ತದೆ. ಗೇನ್ ಇನ್ನೂ ಕಡಿಮೆ ಇರುವ ಆಂಪ್ ತಗೊಂಡಿದ್ದರೆ ಪ್ರೀ-ಔಟ್ ಅನ್ನೇ ಹಿಂಡಬೇಕಾಗುತ್ತಿತ್ತು. ಜಾಸ್ತಿ ಇದ್ದಿದ್ದರೆ ಟ್ವೀಟರ್‌ನಲ್ಲಿ ಸುಯ್ ಅನ್ನುವ ಸದ್ದು. ರಿಸೀವರ್ ಒಳಗಿನ ಆಂಪ್‌ಗಳ ಗೇನ್ 29, ಹಾಗಾಗಿ ಹೊಸ ಆಂಪ್ ಸೇರಿಸಿದ ಮೇಲೆ ಕ್ಯಾಲಿಬ್ರೇಶನ್ ಮತ್ತೆ ಓಡಿಸಲೇಬೇಕು. ಓಡಿಸಿದಾಗ ಮುಂದಿನ ಎರಡು ಚಾನೆಲ್‌ನ ಮಟ್ಟ ತಾನಾಗಿ 3 ಡೆಸಿಬಲ್ ಮೇಲೆ ಬಂತು.

ಟವರ್‌ಗಳನ್ನು ಮೆನುವಿನಲ್ಲಿ "ಸ್ಮಾಲ್" ಮಾಡಿ 80 ಹರ್ಟ್ಸ್‌ಗೆ ಕ್ರಾಸ್‌ಓವರ್ ಇಟ್ಟಿದ್ದೇನೆ. ಇಷ್ಟು ದೊಡ್ಡ ಸ್ಪೀಕರ್‌ಗೆ ಸ್ಮಾಲ್ ಅಂತೀಯಲ್ಲ ಅಂತ ಕೇಳುತ್ತಾರೆ. ಸೈಜ್‌ಗೂ ಅದಕ್ಕೂ ಸಂಬಂಧ ಇಲ್ಲ, 80 ಹರ್ಟ್ಸ್‌ಗಿಂತ ಕೆಳಗಿನ ಭಾರವೆಲ್ಲ ಸಬ್‌ವೂಫರ್‌ಗೆ ಹೋಗುತ್ತದೆ, ಮುಂದಿನ ಆಂಪ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ರಿಸೀವರ್‌ನಲ್ಲಿ ಖಾಲಿ ಉಳಿದ ಚಾನೆಲ್‌ಗಳನ್ನು ಸೇರಿಸಿ ಬೈ-ಆಂಪ್ ಮಾಡು (ಒಂದೇ ಸ್ಪೀಕರ್‌ಗೆ ಎರಡು ಆಂಪ್ ಹಾಕು) ಅಂದವರೂ ಇದ್ದಾರೆ. ಒಳಗಿನ ಪವರ್ ಸಪ್ಲೈ ಒಂದೇ, ಆದ್ದರಿಂದ ನಾನು ಆ ತಂಟೆಗೆ ಹೋಗಲಿಲ್ಲ.

ಸೆಂಟರ್‌ಗೂ ಒಂದು ಆಂಪ್ ಸೇರಿಸಿ ಮೂರು ಚಾನೆಲ್ ಮಾಡಬಹುದಿತ್ತು, ಸಿನಿಮಾದ ಮಾತೆಲ್ಲ ಅಲ್ಲಿಂದಲೇ ತಾನೇ ಬರುವುದು. ಅಳೆದೆ: 3.8 ವೋಲ್ಟ್, ಅಂದರೆ 29 ವ್ಯಾಟ್ ಆಸುಪಾಸು, ಅದರ ಗ್ರಾಫ್ 6.5 ಓಮ್‌ಗಿಂತ ಕೆಳಗೆ ಇಳಿಯುವುದಿಲ್ಲ. ಅದು ರಿಸೀವರ್‌ನಲ್ಲೇ ಇದೆ.