ಕಯಾಕ್ ಗಾಳಿಗೇ ಮುಖ ಮಾಡುತ್ತಿತ್ತು

ಎಗ್‌ಮಂಟ್ ಕೀ ದ್ವೀಪದಿಂದ ದೋಣಿಯಲ್ಲಿ ವಾಪಸ್ ಬಂದ ದಿನ ರಾತ್ರಿ ನನಗೆ ಎಡಗೈಯಲ್ಲಿ ನೀರಿನ ಲೋಟ ಹಿಡಿಯಲು ಆಗಲಿಲ್ಲ. ಬೆರಳು ನಡುಗುತ್ತಿದ್ದವು. ಸುಮಾರು ನಲವತ್ತು ನಿಮಿಷ ಆ ಕೈ ಚುಕ್ಕಾಣಿಯ ಹಿಡಿಯನ್ನು ಬಿಡದೆ ಎಳೆದು ಹಿಡಿದಿತ್ತು.

ನಾನಿರುವುದು ಫ್ಲೋರಿಡಾದ ಟ್ಯಾಂಪಾ ಕೊಲ್ಲಿಯ ಹತ್ತಿರ. ಕೊಲ್ಲಿಯ ಬಾಯಲ್ಲಿ ಫೋರ್ಟ್ ಡಿಸೋಟೊ ಪಾರ್ಕ್ ಇದೆ. ಅಲ್ಲಿಂದ ನೈಋತ್ಯಕ್ಕೆ ಎಗ್‌ಮಂಟ್ ಕೀ ಎಂಬ ಪುಟ್ಟ ದ್ವೀಪ. 1858ರಲ್ಲಿ ಕಟ್ಟಿದ ದೀಪಸ್ತಂಭ ಇವತ್ತಿಗೂ ಅಲ್ಲಿ ನಿಂತಿದೆ. ಎರಡರ ನಡುವೆ ದೊಡ್ಡ ಹಡಗುಗಳು ಓಡಾಡುವ ಆಳದ ದಾರಿ. ಅದನ್ನು ಅಡ್ಡ ಹಾಯುವಾಗ ದೋಣಿ ನಾವು ಹೇಳಿದ ಮಾತು ಕೇಳಲೇಬೇಕು. ಅವತ್ತು ನನ್ನದು ಕೇಳಲಿಲ್ಲ.

ನನ್ನದು ಹೋಬಿ ಅಡ್ವೆಂಚರ್ ಐಲ್ಯಾಂಡ್ ಎಂಬ ದೋಣಿ. ಸುಮಾರು 5 ಮೀಟರ್ ಉದ್ದದ ಕಯಾಕ್. ಎರಡೂ ಪಕ್ಕಕ್ಕೆ ಚಾಚಿದ ತೇಲುಕೊರಡುಗಳು, 5 ಚದರ ಮೀಟರಿಗಿಂತ ಸ್ವಲ್ಪ ಜಾಸ್ತಿ ಹಾಯಿ, ಕಾಲ ಕೆಳಗೆ ಪೆಡಲ್. ಪೆಡಲ್ ತುಳಿದರೆ ದೋಣಿಯ ಅಡಿಯಲ್ಲಿ ಎರಡು ರೆಕ್ಕೆಗಳು ಪೆಂಗ್ವಿನ್ ರೆಕ್ಕೆಯ ಹಾಗೆ ಅತ್ತಿತ್ತ ಬೀಸುತ್ತವೆ. ಗಾಳಿ ಇದ್ದರೆ ಹಾಯಿ, ಇಲ್ಲದಿದ್ದರೆ ಕಾಲು. ಎರಡೂ ಸೇರಿದರೆ ಇನ್ನೂ ಚೆನ್ನ.

ಮಧ್ಯಾಹ್ನ ಸಮುದ್ರದ ಕಡೆಯಿಂದ ಗಾಳಿ ಎದ್ದಿತ್ತು. ಅಲೆಗಳ ನೆತ್ತಿಯಲ್ಲಿ ಬಿಳಿ ನೊರೆ ಕಾಣುತ್ತಿತ್ತು. ಅಂದರೆ ಗಾಳಿಯ ವೇಗ 12 ನಾಟ್, ಗಂಟೆಗೆ ಸುಮಾರು 22 ಕಿ.ಮೀ., ದಾಟಿದೆ ಅಂತ ಲೆಕ್ಕ. ನಾನು ಹೋಗಬೇಕಿದ್ದದ್ದು ಈಶಾನ್ಯಕ್ಕೆ, ಗಾಳಿ ಎಡಗಡೆಯಿಂದ. ಜೋರು ಗಾಳಿ ಬಂದಾಗಲೆಲ್ಲ ದೋಣಿಯ ಮೂತಿ ಎಡಕ್ಕೆ, ಗಾಳಿ ಬರುವ ಕಡೆಗೇ ತಿರುಗುತ್ತಿತ್ತು. ನಾನು ಚುಕ್ಕಾಣಿ ಎಳೆದು ವಾಪಸ್ ತರುತ್ತಿದ್ದೆ. ಮತ್ತೆ ಗಾಳಿ, ಮತ್ತೆ ಎಡಕ್ಕೆ. ಇದಕ್ಕೆ ವೆದರ್ ಹೆಲ್ಮ್ ಅನ್ನುತ್ತಾರೆ ಅಂತ ಹೆಸರಷ್ಟೇ ಗೊತ್ತಿತ್ತು. ಗಾಳಿ ಜಾಸ್ತಿ ಇದ್ದರೆ ಹೀಗೇ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅಂತ ನಂಬಿದ್ದೆ.

ಆ ನಂಬಿಕೆ ತಪ್ಪು. ಅದು ಬಿಟ್ಟುಹೋಗಿದ್ದು ಗಾಳಿಪಟ ನೆನಪಾದಾಗ. ಆಷಾಢದಲ್ಲಿ ಪಟ ಹಾರಿಸುವಾಗ ಸೂತ್ರದ ಗಂಟು ಒಂದು ಬೆರಳಗಲ ಆಚೀಚೆ ಆದರೂ ಪಟ ಗಿರಗಿರ ಸುತ್ತಿ ನೆಲಕ್ಕೆ ಬೀಳುತ್ತಿತ್ತು. ಆಗ ನಾವು ದಾರವನ್ನು ಇನ್ನೂ ಜೋರಾಗಿ ಎಳೆಯುತ್ತಿರಲಿಲ್ಲ. ಪಟ ಇಳಿಸಿ ಸೂತ್ರ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆವು. ದೋಣಿಯದೂ ಅದೇ ಕಥೆ. ಹಾಯಿಯ ಮೇಲೆ ಗಾಳಿ ಒತ್ತುವ ಬಲವೆಲ್ಲ ಒಂದು ಜಾಗದಲ್ಲಿದೆ ಅಂದುಕೊಳ್ಳಿ. ದೋಣಿ ಅಡ್ಡಕ್ಕೆ ಜಾರದಂತೆ ನೀರು ತಡೆಯುವ ಬಲ ಇನ್ನೊಂದು ಜಾಗದಲ್ಲಿ. ಗಾಳಿಯ ಜಾಗ ನೀರಿನ ಜಾಗಕ್ಕಿಂತ ಹಿಂದೆ ಬಿದ್ದರೆ ದೋಣಿಯ ಹಿಂಭಾಗ ತಳ್ಳಿಸಿಕೊಂಡು ಹೋಗುತ್ತದೆ, ಮೂತಿ ಗಾಳಿಗೆ ತಿರುಗುತ್ತದೆ. ಚುಕ್ಕಾಣಿಯಿಂದ ಅದನ್ನು ತಡೆಯಬಹುದು, ನಿಜ. ಆದರೆ ಓರೆಯಾಗಿ ನಿಂತ ಚುಕ್ಕಾಣಿ ನೀರಿನಲ್ಲಿ ಬ್ರೇಕ್ ಇದ್ದ ಹಾಗೆ. ಕೈಯೂ ಸೋಲುತ್ತದೆ, ವೇಗವೂ ಸಾಯುತ್ತದೆ.

ಮುಂದಿನ ಮೂರು ವಾರ, ಶನಿವಾರ ಭಾನುವಾರ, ನಾನು ಎಲ್ಲಿಗೂ ಹೋಗಲಿಲ್ಲ. ದಡದ ಹತ್ತಿರವೇ ಗಾಳಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಅತ್ತ ಒಂದು ಸಲ, ಇತ್ತ ಒಂದು ಸಲ ಓಡಾಡಿದೆ. ಒಂದು ಓಟಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ. ಚುಕ್ಕಾಣಿ ನೆಟ್ಟಗಿರುವಾಗ ಹಿಡಿ ಎಲ್ಲಿರುತ್ತದೋ ಅಲ್ಲಿ ಒಂದು ಬಿಳಿ ಟೇಪ್ ಅಂಟಿಸಿದೆ. ಹಿಡಿ ಟೇಪಿನಿಂದ ಎಷ್ಟು ದೂರ ಸರಿದಿದೆಯೋ ಅಷ್ಟು ಬ್ರೇಕ್ ಒತ್ತುತ್ತಿದ್ದೇನೆ ಅಂತ ಅರ್ಥ. ನಾನು ಮಾಡಿದ್ದರಲ್ಲಿ ಅತ್ಯಂತ ಅಗ್ಗದ ಕೆಲಸ ಇದು. ಜಾಸ್ತಿ ಕಲಿಸಿದ್ದೂ ಇದೇ.

ಮೊದಲು ಗೊತ್ತಾಗಿದ್ದು, ಅವತ್ತಿನ ಕಷ್ಟದಲ್ಲಿ ದೊಡ್ಡ ಪಾಲು ವೆದರ್ ಹೆಲ್ಮ್ ಅಲ್ಲವೇ ಅಲ್ಲ ಅನ್ನುವುದು. ದ್ವೀಪ ಬಿಡುವಾಗ ಚುಕ್ಕಾಣಿಯ ಅಲಗು ಮರಳಿಗೆ ತಾಗಿ ಹಿಂದಕ್ಕೆ ಎದ್ದಿತ್ತು. ನಾನು ಇಳಿಸುವ ದಾರ ಎಳೆದೆ, ಆದರೆ ಪೂರ್ತಿ ಎಳೆದು ಬಿಗಿಯಲಿಲ್ಲ. ಅಲಗು ನೇರ ಕೆಳಗಿದ್ದರೆ ಹಿಡಿ ಹಗುರ. ಅರ್ಧ ಹಿಂದಕ್ಕೆ ಮಲಗಿದ್ದರೆ ನೀರೆಲ್ಲ ಅದರ ತುದಿಯನ್ನು ಒತ್ತಿ, ಆ ಭಾರ ಕೈಗೆ ಬರುತ್ತದೆ. ಈಗ ಆಳ ಕಡಿಮೆ ಇರುವ ಜಾಗ ದಾಟಿದ ಮೇಲೆ ಪ್ರತಿ ಸಲ ಹಿಂದೆ ತಿರುಗಿ ನೋಡಿ ದಾರ ಇನ್ನೊಮ್ಮೆ ಎಳೆಯುತ್ತೇನೆ. ಟ್ಯಾಂಪಾ ಕೊಲ್ಲಿಯಲ್ಲಿ ಕಡಲಹುಲ್ಲು ಬೇರೆ. ಒಂದು ಹಿಡಿ ಹುಲ್ಲು ಅಲಗಿಗೆ ಸುತ್ತಿಕೊಂಡರೂ ಸಾಕು, ದೋಣಿಯೇ ಕೆಟ್ಟಿದೆ ಅನ್ನಿಸಿಬಿಡುತ್ತದೆ.

ಇಷ್ಟು ಸರಿಮಾಡಿದ ಮೇಲೂ ಉಳಿದ ಎಳೆತವೇ ನಿಜವಾದ ವೆದರ್ ಹೆಲ್ಮ್.

ಅದಕ್ಕೆ ಹಾಯಿಯ ಹಗ್ಗ ಸಡಿಲ ಬಿಡುವುದು ಮೊದಲ ಮದ್ದು. ಹೊಸಬರೆಲ್ಲ ಹಗ್ಗವನ್ನು ಅತಿಯಾಗಿ ಬಿಗಿಯುತ್ತೇವೆ, ನಾನೂ ಹಾಗೇ ಮಾಡುತ್ತಿದ್ದೆ. ಬಿಗಿದಷ್ಟೂ ಹಾಯಿಯ ಹಿಂಬದಿಯಲ್ಲಿ ಒತ್ತಡ ಜಾಸ್ತಿ. ಕಂಬದ ಹತ್ತಿರ ಬಟ್ಟೆ ಅಲುಗುವ ತನಕ ಬಿಟ್ಟು, ಅಲುಗುವುದು ನಿಲ್ಲುವಷ್ಟೇ ಮತ್ತೆ ಎಳೆದರೆ ಹಿಡಿ ಟೇಪಿನ ಹತ್ತಿರ ಬರುತ್ತದೆ. ಎರಡನೆಯದು ಹಾಯಿ ಸುತ್ತುವುದು. ಈ ದೋಣಿಯಲ್ಲಿ ಹಾಯಿ ಚಾಪೆಯ ಹಾಗೆ ಕಂಬಕ್ಕೇ ಸುತ್ತಿಕೊಳ್ಳುತ್ತದೆ. ಸುತ್ತಿದಾಗ ಕಡಿಮೆಯಾಗುವುದು ಹಿಂಬದಿಯ ಬಟ್ಟೆ. ಹಾಗಾಗಿ ಗಾಳಿಯ ಬಲವೂ ಕಡಿಮೆ, ಅದು ಒತ್ತುವ ಜಾಗವೂ ಮುಂದಕ್ಕೆ. ಒಂದೇ ಏಟಿಗೆ ಎರಡು ಲಾಭ. ಎರಡು ಮೂರು ಸುತ್ತು ಹಾಕಿದೆ, ಎಳೆತ ಅರ್ಧಕ್ಕಿಳಿಯಿತು. ವೇಗ ಇಳಿಯುತ್ತದೆ ಅಂತ ಹೆದರಿದ್ದೆ. ಇಳಿಯಲಿಲ್ಲ, ಬ್ರೇಕ್ ತೆಗೆದಿದ್ದೆನಲ್ವಾ.

ಪೆಡಲ್ ಇರುವ ದೋಣಿಯ ನಿಜವಾದ ಸುಖ ಇಲ್ಲೇ ಇದೆ. ಬರೀ ಹಾಯಿಯ ದೋಣಿಯಲ್ಲಿ ಹಾಯಿ ಸುತ್ತಲು ಮನಸ್ಸು ಬರುವುದಿಲ್ಲ. ಗಾಳಿ ನಡುವೆ ಕೈಕೊಟ್ಟರೆ ನಿಂತುಬಿಡುತ್ತೇವೆ ಅನ್ನುವ ಭಯ. ನನಗೆ ಆ ಭಯ ಇಲ್ಲ. ಹಾಯಿ ಧಾರಾಳವಾಗಿ ಸುತ್ತುತ್ತೇನೆ, ಉಳಿದದ್ದಕ್ಕೆ ಮೆಲ್ಲಗೆ ತುಳಿಯುತ್ತೇನೆ. ಹಾಯಿ ಪಕ್ಕಕ್ಕೂ ತಳ್ಳುತ್ತದೆ, ಪೆಡಲ್ ನೆಟ್ಟಗೆ ಮುಂದಕ್ಕೆ ಮಾತ್ರ ತಳ್ಳುತ್ತದೆ. ಅದು ಮೂತಿಯನ್ನು ಎತ್ತಲೂ ತಿರುಗಿಸುವುದಿಲ್ಲ. ವೇಗ ಇದ್ದರೆ ಚುಕ್ಕಾಣಿಯ ಮೇಲೆ ನೀರು ಚೆನ್ನಾಗಿ ಹರಿಯುತ್ತದೆ, ಸಣ್ಣ ತಿರುವಿಗೇ ದೋಣಿ ಕೇಳುತ್ತದೆ. ದಮ್ಮು ಕಟ್ಟುವಷ್ಟು ತುಳಿಯುವುದು ಬೇಡ. ಪಕ್ಕದವರ ಜೊತೆ ಮಾತಾಡಿಕೊಂಡು ಸೈಕಲ್ ಹೊಡೆಯುವಷ್ಟು ಸಾಕು.

ತುಳಿಯದೆ ಸುಮ್ನೆ ಕೂತಾಗಲೂ ಪೆಡಲ್ ಎಲ್ಲಿದೆ ಅನ್ನುವುದು ಮುಖ್ಯ. ಎರಡೂ ಪೆಡಲ್ ಸಮ ಇದ್ದರೆ ರೆಕ್ಕೆಗಳು ನೇರ ಕೆಳಕ್ಕೆ ನಿಂತು ಸಣ್ಣ ಹಲಗೆಗಳ ಹಾಗೆ ನೀರನ್ನು ಅಡ್ಡಕ್ಕೆ ತಡೆಯುತ್ತವೆ. ಒಂದನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ರೆಕ್ಕೆಗಳು ದೋಣಿಯ ಹೊಟ್ಟೆಗೆ ಅಂಟಿಕೊಳ್ಳುತ್ತವೆ. ನನ್ನ ದೋಣಿಯಲ್ಲಿ ರೆಕ್ಕೆಗಳನ್ನು ಕೆಳಗೆ ಬಿಟ್ಟಾಗ ಎಳೆತ ಸ್ವಲ್ಪ ತಗ್ಗಿತು. ಗಾಳಿ ಹಿಂದಿನಿಂದ ಬಂದಾಗ ಮಾತ್ರ ಮಡಚಿಡುತ್ತೇನೆ.

ದೋಣಿಯ ಅಡಿಯಲ್ಲಿ ನೀರಿಗೆ ಇಳಿಬಿಡುವ ನಡುವಿನ ಹಲಗೆ, ಅಂದರೆ ಸೆಂಟರ್‌ಬೋರ್ಡ್, ಸ್ವಲ್ಪ ಹಿಂದಕ್ಕೆ ಓರೆ ಮಾಡಿದರೂ ನೀರು ತಡೆಯುವ ಜಾಗ ಹಿಂದಕ್ಕೆ ಬಂದು ಎಳೆತ ಕಡಿಮೆಯಾಗುತ್ತದೆ. ಜಾಸ್ತಿ ಎತ್ತಿದರೆ ದೋಣಿ ಪಕ್ಕಕ್ಕೆ ಜಾರುತ್ತದೆ. ಸಾಮಾನಿನ ಭಾರವೂ ಹೀಗೇ. ನೀರಿನ ಕ್ಯಾನು, ಊಟದ ಡಬ್ಬಿ ಎಲ್ಲ ಮುಂದಿನ ಖಾನೆಯಲ್ಲಿ ತುಂಬಿದ್ದೆ. ಮೂತಿ ನೀರಿಗೆ ಇಳಿದು ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಎಲ್ಲವನ್ನೂ ಸೀಟಿನ ಹಿಂದಕ್ಕೆ ಸಾಗಿಸಿದೆ.

ಒಂದು ದಿನ ಉತ್ಸಾಹದಲ್ಲಿ ಇದೆಲ್ಲವನ್ನೂ ಒಟ್ಟಿಗೆ ಮಾಡಿ ಅತಿಯಾಯಿತು. ಹಿಡಿ ಬಿಟ್ಟರೆ ಮೂತಿ ಗಾಳಿಯಿಂದ ದೂರ ತಿರುಗಿ ದೋಣಿ ಓಡತೊಡಗಿತು. ಗಾಳಿಗೆ ಎದುರಾಗಿ ತಿರುಗಿಸಲು ಹೋದರೆ ಅರ್ಧದಲ್ಲೇ ನಿಂತಿತು, ಕೊನೆಗೆ ತುಳಿದೇ ತಿರುಗಿಸಿದೆ. ಅವತ್ತಿನಿಂದ ಸ್ವಲ್ಪ ವೆದರ್ ಹೆಲ್ಮ್ ಬೇಕೆಂದೇ ಉಳಿಸಿಕೊಂಡಿದ್ದೇನೆ. ನಾನು ಹಿಡಿ ಬಿಟ್ಟರೆ ದೋಣಿ ತಾನಾಗಿ ಗಾಳಿಗೆ ಮುಖ ಮಾಡಿ ನಿಲ್ಲಬೇಕು. ಹಡಗಿನ ದಾರಿಯಲ್ಲಿ ಒಬ್ಬನೇ ಇರುವವನಿಗೆ ಇದು ದೊಡ್ಡ ಧೈರ್ಯ. ಟೇಪಿನಿಂದ ಒಂದು ಬೆರಳಗಲ, ಅದು ನನ್ನ ಅಳತೆ.

ಆಮೇಲೆ ಎಗ್‌ಮಂಟ್‌ಗೆ ನಾಲ್ಕು ಸಲ ಹೋಗಿಬಂದೆ. ಅದೇ ಎಡಗಡೆಯ ಗಾಳಿ, ಅದೇ ಬಿಳಿ ನೊರೆ. ಎರಡು ಬೆರಳಲ್ಲಿ ಹಿಡಿ ಹಿಡಿದು ಬಂದೆ. ಇನ್ನೂ ಪಳಗದಿರುವುದು ಹಿಂದಿನಿಂದ ಓರೆಯಾಗಿ ಬರುವ ಅಲೆ. ಅದು ಹಿಂಭಾಗವನ್ನು ಎತ್ತಿದಾಗ ಚುಕ್ಕಾಣಿ ಒಂದು ಕ್ಷಣ ನೀರಿನಿಂದ ಮೇಲೆ ಬರುತ್ತದೆ, ದೋಣಿ ಗಾಳಿಯತ್ತ ಹೊರಳುತ್ತದೆ. ಇಲ್ಲಿ ಹಾಯಿ ಸುತ್ತಿದರೂ ಪೂರ್ತಿ ನಿಲ್ಲುವುದಿಲ್ಲ. ಹಿಂಭಾಗ ಏಳುವ ಸುಳಿವು ಬೆನ್ನಿಗೆ ಸಿಕ್ಕ ಕೂಡಲೇ ನಾಲ್ಕು ಸಲ ಜೋರಾಗಿ ತುಳಿಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹತ್ತರಲ್ಲಿ ಆರು ಅಲೆಗೆ ಲೆಕ್ಕ ಸರಿಹೋಗುತ್ತಿದೆ.